ಅಪ್ಪನ ಮೇಲೆ ಅನುಮಾನ ಬಂದ ವಾರ

ಮಕ್ಕಳೇ, ನಾನು ಆಗ ನಿಮ್ಮಷ್ಟೇ ಚಿಕ್ಕವಳು, ಐದನೇ ಕ್ಲಾಸು. ಚಳಿ ಶುರುವಾಗಿತ್ತು, ಅದರ ಜತೆಗೇ ಪಾಕಿಸ್ತಾನದೊಂದಿಗೆ ಯುದ್ಧವೂ ಶುರುವಾಯಿತು. ನಮ್ಮದು ಮೊಳಕಾಲ್ಮೂರು ಸೀಮೆಯ ಒಂದು ಸಣ್ಣ ಊರು. ಹೆಸರು ಬೇಡ, ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಊರಿನಲ್ಲಿ ಅರ್ಧ ಜನ ಹೊಲ ಮಾಡುವವರು, ಇನ್ನರ್ಧ ಜನ ನಮ್ಮಂತೆ ರೇಷ್ಮೆ ಸೀರೆ ನೇಯುವವರು. ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗ. ಬೆಳಗಾಯಿತೆಂದರೆ ಎಲ್ಲ ಬಾಗಿಲುಗಳಿಂದಲೂ ಟಕ್ ಟಕ್ ಸದ್ದು, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ, ಬಣ್ಣದ ನೀರು ಹರಿದು ಒಂದು ದಿನ ಕೆಂಪು ಒಂದು ದಿನ ಹಸಿರಾಗುವ ಚರಂಡಿ.

ಯುದ್ಧ ನಡೆಯುತ್ತಿದ್ದದ್ದು ನಮ್ಮಿಂದ ಎಷ್ಟೋ ದೂರದಲ್ಲಿ. ಆದರೆ ಪಂಚಾಯ್ತಿ ಕಚೇರಿಯವರು ಅದನ್ನು ನಮ್ಮ ಬೀದಿಗೇ ತಂದರು. ತಳವಾರ ತಮಟೆ ಬಡಿಯುತ್ತಾ ಬಂದ. "ಕೇಳ್ರಪ್ಪೋ! ಕತ್ತಲಾದ ಮ್ಯಾಲೆ ಯಾರೂ ಬೆಳಕು ಹೊರಗೆ ಬಿಡಂಗಿಲ್ಲ. ಕಿಟಕಿಗೆ ಕಂಬಳಿ ಕಟ್ರಿ. ಊರಿಗೆ ಹೊಸಬರು ಬಂದ್ರೆ ಕಚೇರಿಗೆ ಬಂದು ಹೇಳ್ರಿ!" ಅಷ್ಟು ಹೇಳಿ ಮುಂದಿನ ತಿರುವಿಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಮೂರು ಬೀದಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು.

ಪಂಚಾಯ್ತಿ ಅಧ್ಯಕ್ಷರು ಒಂದು ಕಾವಲು ಸಮಿತಿ ಮಾಡಿದರು. ಅದರಲ್ಲಿ ನಮ್ಮ ಹೆಡ್ ಮೇಷ್ಟ್ರು ಇದ್ದರು, ನಮ್ಮ ಬೀದಿಯ ಪರವಾಗಿ ದೊಡ್ಡ ಯಜಮಾನರಿದ್ದರು. ಯಜಮಾನರು ಎಂದರೆ ಹತ್ತಾರು ಮಗ್ಗ ಇಟ್ಟು ಬೇರೆಯವರ ಕೈಯಲ್ಲಿ ನೇಯಿಸುತ್ತಿದ್ದವರು. ಸಮಿತಿಯವರು ಶಾಲೆಗೂ ಬಂದರು. ಅಧ್ಯಕ್ಷರು ಪ್ರಾರ್ಥನೆಯ ಸಾಲಿನ ಮುಂದೆ ನಿಂತು, "ಗೂಢಚಾರರು ಯಾವ ವೇಷದಾಗೆ ಬರ್ತಾರೋ ಗೊತ್ತಾಗಲ್ಲ. ನೀವು ಮಕ್ಕಳು ಎಲ್ಲಾ ಮನೆಗೂ ಹೋಗ್ತೀರ, ಎಲ್ಲಾ ನೋಡ್ತೀರ. ಕಂಡದ್ದನ್ನ ಮೇಷ್ಟ್ರಿಗೆ ಹೇಳ್ಬೇಕು" ಎಂದರು. ಹೇಳಿದವರಿಗೆ ಬಾವುಟ ಏರಿಸುವ ಅವಕಾಶ ಎಂದು ಹೆಡ್ ಮೇಷ್ಟ್ರು ಸೇರಿಸಿದರು. ಆವರೆಗೆ ಬಾವುಟದ ಹಗ್ಗ ಮುಟ್ಟಿದ್ದವರು ಏಳನೇ ಕ್ಲಾಸಿನ ಹುಡುಗರು ಮಾತ್ರ.

ಅಲ್ಲಿಂದ ಊರಿಗೆ ಊರೇ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿತು. ವರ್ಷವೂ ಬರುತ್ತಿದ್ದ ಕಲಾಯಿಯವನನ್ನು ತಡೆದು ಅವನ ಹೆಸರನ್ನು ಮೂರು ಸಲ ಕೇಳಿದರು. ಅವನು ಅರ್ಧ ಕಲಾಯಿ ಹಾಕಿದ ಪಾತ್ರೆಗಳನ್ನು ಹಾಗೇ ಬಿಟ್ಟು ಹೊರಟುಹೋದ. ಬೆಟ್ಟದ ಮೇಲೆ ಯಾರೋ ಕನ್ನಡಿ ತೋರಿಸಿದರು ಎಂದು ಒಬ್ಬರು, ಬಾವಿಯ ನೀರು ಕಹಿಯಾಗಿದೆ ಎಂದು ಇನ್ನೊಬ್ಬರು. ನಾನೂ ಎಲ್ಲರನ್ನೂ ನೋಡುತ್ತಿದ್ದೆ. ಬಳೆಯವಳ ಬುಟ್ಟಿ ನೋಡಿದೆ, ಬಸ್ಸಿನ ಕಂಡಕ್ಟರನ ಮೀಸೆ ನೋಡಿದೆ. ಎಲ್ಲಿಯೂ ಏನೂ ಸಿಗಲಿಲ್ಲ.

ಸಿಕ್ಕಿದ್ದು ನಮ್ಮ ಮನೆಯಲ್ಲೇ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ನಮ್ಮ ಮನೆಯ ಬಾಗಿಲು ಹಾಕಿತ್ತು. ಹಗಲು ಹೊತ್ತು ನಮ್ಮ ಬೀದಿಯಲ್ಲಿ ಬಾಗಿಲು ಹಾಕುವ ಅಭ್ಯಾಸವೇ ಇರಲಿಲ್ಲ. ಮಗ್ಗದ ಸದ್ದೂ ಇಲ್ಲ. ತಟ್ಟಿದಾಗ ಅಕ್ಕ ಒಂದಿಷ್ಟೇ ತೆರೆದು, ನನ್ನನ್ನು ಒಳಗೆಳೆದುಕೊಂಡು, ಮತ್ತೆ ಚಿಲಕ ಹಾಕಿದಳು. ಒಳಗೆ ಅಪ್ಪನ ಪಕ್ಕದಲ್ಲಿ ದಪ್ಪ ಕನ್ನಡಕದ ಸಣಕಲು ಮನುಷ್ಯರೊಬ್ಬರು ಕೂತಿದ್ದರು. ರಾಯದುರ್ಗದ ಕಡೆಯಿಂದ ಬಂದವರಂತೆ. ನನ್ನನ್ನು ಕಂಡು "ಪಾಪಾ, ಕೊಂಚೆಂ ನೀಳ್ಳು" ಎಂದು ನೀರು ಕೇಳಿದರು. ತೆಲುಗು ನಮಗೆ ಹೊಸದಲ್ಲ, ಮನೆಯಲ್ಲಿ ಎರಡೂ ಮಾತು ಬೆರೆಸಿಯೇ ಆಡುತ್ತಿದ್ದೆವು. ಆದರೆ ನಾನು ನೀರು ತಂದ ಕೂಡಲೇ ಅಪ್ಪ ಮುಂದಿದ್ದ ಉದ್ದನೆಯ ಕಾಗದವನ್ನು ಸರಸರನೆ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡರು. ಅಪ್ಪ ನನ್ನಿಂದ ಏನನ್ನಾದರೂ ಬಚ್ಚಿಟ್ಟಿದ್ದು ಅದೇ ಮೊದಲು.

"ಯಾರಕ್ಕಾ ಅವ್ರು?" ಎಂದು ಅಡುಗೆಮನೆಯಲ್ಲಿ ಕೇಳಿದೆ.

"ನೀ ಸುಮ್ಕಿರು. ಯಾರತ್ರಾನೂ ಬಾಯಿ ಬಿಡಬ್ಯಾಡ" ಎಂದಳು ಅಕ್ಕ. ಅವಳು ನನಗಿಂತ ಐದು ವರ್ಷ ದೊಡ್ಡವಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ನನಗೆ ಮಾತ್ರ ಯಾರೂ ಹೇಳಲಿಲ್ಲ.

ಸಂಜೆ ಅಪ್ಪ ಆ ಮನುಷ್ಯರನ್ನು ಹಿತ್ತಲಿಗೆ ಕರೆದುಕೊಂಡು ಹೋದಾಗ ನಾನು ಅಟ್ಟದ ಏಣಿ ಹತ್ತಿದೆ. ನಮ್ಮ ಮನೆಯಲ್ಲಿ ಏನನ್ನಾದರೂ ಬಚ್ಚಿಡುವ ಜಾಗ ಅದೊಂದೇ. ಕಾಗದ ಅಲ್ಲೇ, ಬಿದಿರಿನ ಕೊಳವೆಯೊಳಗಿತ್ತು. ತುದಿ ಎಳೆದು ನೋಡಿದೆ. ಕಾಗದದ ತುಂಬ ಸಣ್ಣ ಸಣ್ಣ ಚೌಕಗಳು. ಕೆಲವು ಚೌಕಗಳಲ್ಲಿ ಕೆಂಪು ಚುಕ್ಕೆ, ಕೆಲವು ಖಾಲಿ. ಅಂಚಿನಲ್ಲಿ ತೆಲುಗಿನಲ್ಲಿ ಏನೇನೋ ಗುರುತು. ಹಿಂದಿನ ದಿನವಷ್ಟೇ ಮೇಷ್ಟ್ರು ಪೇಪರಿನಲ್ಲಿ ಬಂದಿದ್ದ ಯುದ್ಧದ ನಕಾಶೆ ತೋರಿಸಿದ್ದರು. ಅದರಲ್ಲೂ ಹೀಗೇ ಗೆರೆಗಳಿದ್ದವು, ಚುಕ್ಕೆಗಳಿದ್ದವು. ಚುಕ್ಕೆ ಇರುವಲ್ಲೆಲ್ಲ ಬಾಂಬು ಬೀಳುತ್ತದೆ ಎಂದು ನಾನು ತಿಳಿದುಕೊಂಡೆ. ಕಾಗದವನ್ನು ಹಾಗೇ ಕೊಳವೆಗೆ ತುರುಕಿ ಏಣಿ ಇಳಿದೆ.

ಆ ರಾತ್ರಿ ಅವ್ವ ಮಾಡಿದ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಇಟ್ಟೆ. ಅಪ್ಪ ಎಂದಿನಂತೆ ಕಡ್ಲೇಕಾಯಿ ಚಟ್ನಿಯನ್ನು ನನ್ನ ತಟ್ಟೆಗೆ ಒಂದು ಪಾಲು ಜಾಸ್ತಿ ಹಾಕಿದರು. ನಾನು ಅವರ ಕೈಯನ್ನೇ ನೋಡಿದೆ. ರೇಷ್ಮೆ ಎಳೆ ಉಜ್ಜಿ ಉಜ್ಜಿ ನುಣುಪಾದ ಬೆರಳುಗಳು. ಇವರು ನನ್ನ ಅಪ್ಪನೇ ಹೌದಾ, ಅಥವಾ ಅಪ್ಪನ ವೇಷ ಹಾಕಿದ ಬೇರೆ ಯಾರಾದರೂ ಇರಬಹುದಾ? ನಗಬೇಡಿ, ಅವತ್ತು ನನಗೆ ನಿಜವಾಗಿಯೂ ಹಾಗೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಹೆಡ್ ಮೇಷ್ಟ್ರ ಕೋಣೆಯ ಮುಂದೆ ನಿಂತೆ. ಅಪ್ಪನ ಹೆಸರು ಎತ್ತಲಿಲ್ಲ. "ಸಾ, ನಮ್ಮನ್ಯಾಗೆ ಕನ್ನಡಕದೋರು ಒಬ್ರು ಬಂದವ್ರೆ. ಚುಕ್ಕಿ ಇಟ್ಟಿರೋ ಉದ್ದಾನೆ ಕಾಗದ ಐತೆ" ಎಂದೆ, ಅಷ್ಟೇ. ಹಿಡಿದರೆ ಕನ್ನಡಕದವರನ್ನು ಮಾತ್ರ ಹಿಡಿಯುತ್ತಾರೆ, ಅಪ್ಪ ಉಳಿಯುತ್ತಾರೆ, ಬಾವುಟ ನನಗೆ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಮೇಷ್ಟ್ರು ಕೊಡೆಯನ್ನೂ ಮರೆತು ಕಚೇರಿಯ ಕಡೆಗೆ ಓಡಿದರು.

ಹನ್ನೊಂದು ಗಂಟೆಯ ಹೊತ್ತಿಗೆ ಶಾಲೆಯನ್ನೇ ಬಿಟ್ಟುಬಿಟ್ಟರು. ನಮ್ಮ ಊರಿನಲ್ಲಿ ಗೂಢಚಾರ ಸಿಕ್ಕಿದ್ದಾನೆ ಎಂದು ಮಕ್ಕಳೆಲ್ಲ ಕೂಗುತ್ತಾ ಓಡಿದರು. ನಾನೂ ಓಡಿದೆ. ಪಂಚಾಯ್ತಿ ಕಚೇರಿಯ ಕಿಟಕಿಗಳಲ್ಲಿ ಜನ ಜೋತುಬಿದ್ದಿದ್ದರು. ಅವರ ಕಾಲುಗಳ ನಡುವೆ ತೂರಿಕೊಂಡು ಒಳಗೆ ಹೋಗಿ ನೋಡಿದರೆ, ಬೆಂಚಿನ ಮೇಲೆ ಕನ್ನಡಕದವರು ಕೂತಿದ್ದರು. ಅವರ ಪಕ್ಕದಲ್ಲಿ ಅಪ್ಪ. ಅಪ್ಪನ ತಲೆಯ ಮೇಲೆ ರುಮಾಲಿರಲಿಲ್ಲ. ರುಮಾಲಿಲ್ಲದೆ ಅಪ್ಪ ಮನೆಯಿಂದ ಹೊರಗೆ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ.

ನಮ್ಮ ಅಟ್ಟ ಹುಡುಕಿ ತಂದಿದ್ದ ಕಾಗದ ಮೇಜಿನ ಮೇಲೆ ಹರಡಿತ್ತು. ಮಸಿ ಕುಡಿಕೆ, ಗಂಟೆ, ಸೀಲು, ಹೀಗೆ ಸಿಕ್ಕಿದ್ದನ್ನೆಲ್ಲ ಅದರ ಮೂಲೆಗಳ ಮೇಲೆ ಇಟ್ಟಿದ್ದರು.

"ಏನಪ್ಪಾ ಇದು?" ಎಂದರು ಅಧ್ಯಕ್ಷರು.

"ಸೀರೆ ಅಂಚಿನ ನಕ್ಷೆ ಸಾಮಿ" ಎಂದರು ಅಪ್ಪ. "ಇವ್ರು ನಕ್ಷೆ ಬರೆಯೋರು. ನಾನೇ ಕರೆಸಿದ್ದು."

"ಸೀರೆ ನಕ್ಷೆ ಆದ್ರೆ ಬಾಗ್ಲು ಯಾಕೆ ಹಾಕ್ದೆ? ಅಟ್ಟದ ಮ್ಯಾಲೆ ಯಾಕೆ ಬಚ್ಚಿಟ್ಟೆ?"

ಅಪ್ಪನ ಕಣ್ಣು ಒಂದು ಕ್ಷಣ ದೊಡ್ಡ ಯಜಮಾನರ ಕಡೆಗೆ ಹೋಗಿ ಬಂತು.

ಯಜಮಾನರು ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿದ್ದರು. ಆಮೇಲೆ ತಲೆಯಾಡಿಸಿ, "ನಾನೂ ನಲವತ್ತು ವರ್ಷದಿಂದ ಮಗ್ಗ ಕಂಡೋನು. ಇಂಥಾ ನಕ್ಷೆ ಕಂಡಿಲ್ಲ. ನಕ್ಷೇನೇ ಆಗಿದ್ರೆ ಓದ್ಲಿ, ಎಲ್ರಿಗೂ ಕೇಳಂಗೆ ಓದ್ಲಿ" ಎಂದರು.

"ಇವ್ರೆಲ್ಲಾ ಹೊರಗೆ ಹೋದ್ರೆ ಓದ್ತೀನಿ" ಎಂದರು ಅಪ್ಪ. ಜನ ಗುಜುಗುಜು ಎಂದರು. ಮುಚ್ಚಿಡುವುದೇನೋ ಇರಲೇಬೇಕು ಎಂದು ನನ್ನ ಹಿಂದೆ ನಿಂತಿದ್ದವರು ಹೇಳಿದರು. ಅಧ್ಯಕ್ಷರು ತಳವಾರನನ್ನು ಕರೆದು, "ಚಳ್ಳಕೆರೆಗೆ ಹೇಳಿ ಕಳ್ಸು, ಜೀಪು ಬರ್ಲಿ. ಪೊಲೀಸ್ನೋರು ಓದಿಸ್ತಾರೆ" ಎಂದರು. ಕನ್ನಡಕದವರು ಅಪ್ಪನ ತೋಳು ಹಿಡಿದು "ಚೆಪ್ಪಂಡಿ ಅಣ್ಣಾ, ಚೆಪ್ಪೇಯಂಡಿ" ಎಂದು, ಹೇಳಿಬಿಡಿ ಎಂದು ಅಳುವಂತಾದರು.

ಆಗ ಬಾಗಿಲಲ್ಲಿ ಜನರನ್ನು ತಳ್ಳಿಕೊಂಡು ಅಕ್ಕ ಬಂದಳು. ಅವಳ ಕೈಯಲ್ಲಿ ಇನ್ನೂ ಗಂಜಿ ಮೆತ್ತಿತ್ತು.

"ನಾನು ಓದ್ತೀನಿ" ಎಂದಳು.

"ಬ್ಯಾಡ ಮಗಳೇ" ಎಂದರು ಅಪ್ಪ.

"ನೀನು ಜೀಪು ಹತ್ತೋದು ನಾ ನೋಡಲ್ಲಪ್ಪಾ." ಮೇಜಿನ ಹತ್ತಿರ ಹೋಗಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. "ಎರಡು ಎತ್ತು, ಐದು ಬಿಡು. ಒಂದು ಎತ್ತು, ಐದು ಬಿಡು. ಎರಡು ಎತ್ತು."

ಕೆಂಪು ಚುಕ್ಕೆ ಇದ್ದರೆ ಎಳೆ ಎತ್ತಬೇಕು, ಖಾಲಿ ಇದ್ದರೆ ಬಿಡಬೇಕು. ಅಷ್ಟೇ ಆ ಕಾಗದದ ಗುಟ್ಟು. ಹೆಡ್ ಮೇಷ್ಟ್ರು ಅವಳ ಪಕ್ಕ ನಿಂತು ಚೌಕಗಳನ್ನು ಎಣಿಸುತ್ತಾ ಬಂದರು. ಒಂದೂ ತಪ್ಪಲಿಲ್ಲ. ಕಿಟಕಿಯಲ್ಲಿದ್ದ ನೇಕಾರರು ಕಿವಿಗೊಟ್ಟರು. ಅವರಿಗೆ ಕಾಗದ ಕಾಣುತ್ತಿರಲಿಲ್ಲ, ಆದರೆ ಎಣಿಕೆ ಕೇಳಿದರೆ ಸಾಕು, ಕಣ್ಣ ಮುಂದೆ ಅಂಚು ತಾನಾಗಿ ಬೆಳೆಯುತ್ತದೆ. ಹತ್ತನೆಯ ಸಾಲಿನಲ್ಲಿ ಕಾಲುಗಳು ಬಂದವು, ಇಪ್ಪತ್ತನೆಯದರಲ್ಲಿ ದುಂಡನೆಯ ಹೊಟ್ಟೆ. ಒಬ್ಬ ಮುದುಕ ಕಂಬಿ ಹಿಡಿದುಕೊಂಡು ಕೂಗಿದ: "ಲೇ, ಗೌಜುಗ ಕಣ್ರೋ! ಗೌಜುಗ ಮರಿ ಕರ್ಕೊಂಡು ಓಡ್ತಾ ಐತೆ!"

ಹೌದು. ನಮ್ಮ ಕಡೆಯ ಸೀರೆಗಳಲ್ಲಿ ಆವರೆಗೆ ನವಿಲು, ಗೋಪುರ, ಹಣ್ಣು ಇಂಥವೇ ಇರುತ್ತಿದ್ದವು. ಹೊಲದ ಬದುವಿನಲ್ಲಿ ಮರಿಗಳ ಸಾಲು ಹಿಂದಿಟ್ಟುಕೊಂಡು ಓಡುವ ಗೌಜುಗದ ಹಕ್ಕಿಯನ್ನು ಅಂಚಿಗೆ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಪ್ಪನಿಗೆ ಹೊಳೆದಿತ್ತು. ಮೊದಲ ಸೀರೆ ನೇಯ್ದು ಮುಗಿಸುವವರೆಗೆ ಬೇರೆ ಮಗ್ಗದವರ ಕಣ್ಣಿಗೆ ಬೀಳಬಾರದು ಎಂದು ಬಾಗಿಲು ಹಾಕಿದ್ದರು. ಈಗ ಇಡೀ ಬೀದಿ ಅದನ್ನು ಕಿವಿಯಾರೆ ಕೇಳಿತ್ತು. ಯಜಮಾನರು ತುಟಿ ಅಲ್ಲಾಡಿಸುತ್ತಾ ಅಕ್ಕನ ಜತೆಗೇ ಎಣಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅದು ಸೀರೆಯ ನಕ್ಷೆಯೆಂದು ಅವರಿಗೆ ಮೊದಲೇ ಗೊತ್ತಿತ್ತೇ? ನನಗೆ ಈಗಲೂ ಅನುಮಾನ ಹೋಗಿಲ್ಲ.

ಅಧ್ಯಕ್ಷರು ನಕ್ಕು, ಕೆಮ್ಮಿ, ಎಲ್ಲರಿಗೂ ಟೀ ತರಲು ಹೇಳಿದರು. ಕನ್ನಡಕದವರು ಟೀ ಮುಟ್ಟದೆ ಬಸ್ಸಿಗೆ ಹೋದರು. ಮತ್ತೆ ನಮ್ಮ ಊರಿಗೆ ಅವರು ಬರಲೇ ಇಲ್ಲ. ಹೆಡ್ ಮೇಷ್ಟ್ರಿಗೆ ಏನಾದರೂ ಒಳ್ಳೆಯ ಮಾತು ಆಡಿ ಮುಗಿಸಬೇಕೆನಿಸಿತೋ ಏನೋ, ನನ್ನ ಭುಜ ಹಿಡಿದು ಮುಂದಕ್ಕೆ ತಂದರು. "ಬೇಜಾರು ಮಾಡ್ಕೋಬ್ಯಾಡಪ್ಪ. ನಿನ್ನ ಮಗಳೇ ಬಂದು ಹೇಳಿದ್ದು. ಎಂಥಾ ಹುಷಾರು ಹುಡುಗಿ ನೋಡು!"

ಅಪ್ಪ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಮನೆಗೆ ಬರುವಾಗ ಅಕ್ಕ ನನ್ನ ಕೈ ಹಿಡಿಯಲಿಲ್ಲ. ನಾನು ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತೆ. ಅಪ್ಪ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರು, ಆದರೆ ಲಾಳಿ ಮುಟ್ಟಲಿಲ್ಲ.

"ನನ್ನ ಒಂದು ಮಾತು ಕೇಳಾಣ ಅನ್ನಿಸ್ಲಿಲ್ವೇನೇ?" ಎಂದರು.

"ನೀನು ಬಾಗ್ಲು ಹಾಕಿದ್ಯಲ್ಲಪ್ಪಾ" ಎಂದೆ. ಅಲ್ಲಿಯವರೆಗೆ ತಡೆದಿದ್ದ ಅಳು ಬಂತು. "ಅಕ್ಕಂಗೆ ಹೇಳ್ದೆ, ಅವ್ವಂಗೆ ಹೇಳ್ದೆ. ನಂಗೆ ತೋರಿಸ್ಲೇ ಇಲ್ಲ."

ಅಪ್ಪ ಸುತ್ತಿಟ್ಟಿದ್ದ ಕಾಗದವನ್ನು ಕೈಗೆತ್ತಿಕೊಂಡರು. "ನೀ ಚಿಕ್ಕೋಳು, ಬಾಯಿ ಬಿಡ್ತೀಯ ಅಂತ ನಾನೂ ನಿನ್ನ ಮ್ಯಾಲೆ ಅನುಮಾನ ಪಟ್ಟೆ ಕಣಮ್ಮ" ಎಂದರು. ಆಮೇಲೆ ಕಾಗದವನ್ನು ನನ್ನ ತೊಡೆಯ ಮೇಲೆ ಬಿಡಿಸಿಟ್ಟರು. "ಬಾ, ಓದು. ಕೆಂಪು ಇದ್ರೆ ಎತ್ತು, ಇಲ್ದಿದ್ರೆ ಬಿಡು."

ನಾನು ಮೂಗು ಒರೆಸಿಕೊಳ್ಳುತ್ತಾ ಓದಿದೆ. ಅವರು ಎಳೆ ಎತ್ತಿದರು.

ಶುರುವಾದ ಎರಡೇ ವಾರಕ್ಕೆ ಯುದ್ಧ ಮುಗಿಯಿತು. ಕಿಟಕಿಗಳಿಂದ ಕಂಬಳಿ ಇಳಿದವು. ಬಾವುಟ ಏರಿಸಲು ನನ್ನನ್ನು ಕರೆದ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿದೆ. ಗೌಜುಗದ ಅಂಚಿನ ಮೊದಲ ಸೀರೆ ಇಳಿದದ್ದು ಯಜಮಾನರ ಮಗ್ಗದಿಂದ, ಎರಡನೆಯದು ನಮ್ಮದು. ಯುಗಾದಿ ಹೊತ್ತಿಗೆ ಬೀದಿಯ ಎಲ್ಲ ಮನೆಗಳಲ್ಲೂ ಆ ಹಕ್ಕಿ ಓಡಾಡುತ್ತಿತ್ತು. ಅಪ್ಪ ಆ ಬಗ್ಗೆ ಯಾರ ಜತೆಯೂ ಜಗಳವಾಡಲಿಲ್ಲ. ಆದರೆ ಯಜಮಾನರ ಮನೆಯ ಮುಂದೆ ಹಾದುಹೋಗುವುದನ್ನು ಬಿಟ್ಟರು. ಸಾಯುವವರೆಗೂ ಬಳಸುದಾರಿಯಲ್ಲೇ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಅಕ್ಕ ನನ್ನ ಜತೆ ಮಾತು ಬಿಟ್ಟದ್ದು ಒಂಬತ್ತು ದಿನ. ದಿನವೂ ಎಣಿಸಿದ್ದೇನೆ.

ಮಕ್ಕಳೇ, ಈಗ ನಾನಿರುವುದು ನಿಮ್ಮ ಜತೆ, ಚಳ್ಳಕೆರೆಯಲ್ಲಿ. ಇಲ್ಲಿ ತಮಟೆಯಿಲ್ಲ, ತಳವಾರನಿಲ್ಲ. ಡ್ರೋನು ಹಾರಿಸಿ ಪರೀಕ್ಷಿಸುವ ಉಳ್ಳಾರ್ತಿ ಕಾವಲಿನ ಕಡೆ ಆಕಾಶದಲ್ಲಿ ಏನಾದರೂ ಗುಂಯ್ ಎಂದರೆ ನೀವು ತಲೆ ಎತ್ತಿಯೂ ನೋಡುವುದಿಲ್ಲ. ಮೊನ್ನೆ ಮತ್ತೆ ಯುದ್ಧದ ಸುದ್ದಿ ಬಂದಾಗ ನಿಮ್ಮ ಫೋನಿಗೆ ಒಂದು ಫೋಟೋ ಬಂತಲ್ಲ? ಎದುರು ಮನೆಯ ಮಾಳಿಗೆಗೆ ಹೊಸದಾಗಿ ಬಾಡಿಗೆಗೆ ಬಂದವರದ್ದು. ಹಗಲೆಲ್ಲ ಹೊರಗೆ ಕಾಣುವುದಿಲ್ಲ, ಸಂಜೆಯಾದ ಮೇಲೆ ಹೊರಡುತ್ತಾನೆ, ಯಾರಿವನು, ಎಲ್ಲರಿಗೂ ಕಳಿಸಿ ಎಂದು ಬರೆದಿದ್ದರು. ನಮ್ಮ ತಳವಾರನಿಗೆ ಅರ್ಧ ದಿನದ ಕೆಲಸ ಅದು. ನಿಮಗೆ ಒಂದು ಬೆರಳು ಸಾಕು. ನಿಮ್ಮಲ್ಲೇ ಒಬ್ಬ, ನನ್ನ ಮೊಮ್ಮಗ, ಆಗಲೇ ಬೆರಳು ಎತ್ತಿದ್ದ.

"ಅವ್ರ ಹೆಸರೇನೋ?" ಎಂದು ಕೇಳಿದೆ.

"ಗೊತ್ತಿಲ್ಲ ಅಜ್ಜಿ."

"ಹೋಗಿ ಕೇಳ್ಕೊಂಡು ಬಾ. ಆಮ್ಯಾಲೆ ಕಳ್ಸೀಯಂತೆ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಗೇಟಿನ ಹತ್ತಿರ ನಿಂತೆ. ನಿಜ ಹೇಳುತ್ತೇನೆ, ಅವನು ಮೆಟ್ಟಿಲು ಹತ್ತಿ ಮರೆಯಾದಾಗ ನನ್ನ ಎದೆಯೂ ಹೊಡೆದುಕೊಂಡಿತು. ಸ್ವಲ್ಪ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ಇಳಿದು ಬಂದ.

"ಎಣ್ಣೆ ಮಿಲ್ಲಿನಾಗೆ ರಾತ್ರಿ ಪಾಳಿಯಂತೆ ಅಜ್ಜಿ. ಹಗಲು ಮಲಗ್ತಾರಂತೆ" ಎಂದ. "ನಾನು ಬಾಗ್ಲು ಬಡಿದು ಎಬ್ಬಿಸ್ಬಿಟ್ಟೆ."