ಮಂಜಿನ ಕೂಗಿಗೆ ಓಗೊಡುತ್ತಿದ್ದ ಅತ್ತೆ

ಇವತ್ತು ಸಂಜೆ ಕೋತಗಿರಿ ಬಸ್ಸಿನಿಂದ ಇಳಿದು ಮಗಳ ಜೊತೆ ಮನೆಗೆ ನಡೆಯುವಾಗ ಮಂಜು ಕವಿಯಿತು. ಹಿಂದೆ ಟೀ ತೋಟದ ಬಿಳಿ ದೊರೆಯಿದ್ದ, ಈಗ ಪಾಳುಬಿದ್ದ ಬಂಗಲೆಯ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು.

"ಓ ಅನ್ಬೇಡಮ್ಮ" ಎಂದು ಮಗಳು ಕೈ ಎಳೆದಳು.

ಒದ್ದೆ ಟೀ ಎಲೆಯ ವಾಸನೆ ಮೂಗಿಗೆ ಬಡಿಯಿತು. ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಜಯತ್ತೆಯ ಕಂಬಳಿಯೊಳಗೆ ಮುದುಡಿ ಕೂತಿದ್ದೆ.

ಜಯತ್ತೆ ನಮ್ಮಪ್ಪನ ಅಕ್ಕ. ಎಲೆ ಕೊಯ್ಯುವಾಗ ಮಂಜು ಬಂದರೆ ನಾವೆಲ್ಲ ತೋಟದ ಶೆಡ್ಡಿಗೆ ಓಡುತ್ತಿದ್ದೆವು. ಆ ಬಂಗಲೆಯಲ್ಲಿ ಸತ್ತ ದೊರೆಸಾನಿ ಮಂಜಿನಲ್ಲಿ ಹೆಸರು ಹಿಡಿದು ಕೂಗುತ್ತಾಳೆ, ಓಗೊಟ್ಟವರು ಹಿಂದಿರುಗುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ಒಂದು ಮಧ್ಯಾಹ್ನ ನಿಜಕ್ಕೂ "ಜಯಾ..." ಎಂಬ ಕೂಗು ಬಂತು. ಅಜ್ಜಿ ಜಯತ್ತೆಯ ಬಾಯಿಗೆ ಕೈ ಅಡ್ಡ ಹಿಡಿದಳು.

ಅತ್ತೆ ಆ ಕೈ ಸರಿಸಿದಳು. "ದೆವ್ವಕ್ಕೆ ದಾರಿ ಗೊತ್ತಿರ್ತದೆ ಕಣವ್ವ. ದಾರಿ ತಪ್ಪಿದೋರೇ ಕೂಗೋದು."

"ಓ... ಓ..." ಎನ್ನುತ್ತಲೇ ಮಂಜಿನೊಳಗೆ ನಡೆದಳು. ಅವಳ ದನಿ ಸಣ್ಣದಾಗುತ್ತಾ ಹೋಗಿ ನಿಂತೇಬಿಟ್ಟಿತು. ದೆವ್ವ ಹತ್ತಿರ ಬಾರದಿರಲೆಂದು ಅಜ್ಜಿ ಬುತ್ತಿಯ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಅಲುಗಾಡದೆ ಕಾದಳು. ಕೊನೆಗೆ ಅತ್ತೆ ಒಬ್ಬಳೇ ಬಂದಳು, ಸೀರೆಯೆಲ್ಲ ತೊಯ್ದಿತ್ತು.

"ಯಾರೂ ಇರ್ಲಿಲ್ಲ. ಬಂಗಲೆ ಬಾಗಿಲು ಮಾತ್ರ ತೆಗೆದಿತ್ತು. ನಾಳೆ ಕೂಗಿದ್ರೂ ಹೋಗ್ತೀನಿ."

ಕಾಲಲ್ಲಿ ಶಕ್ತಿ ಇರುವವರೆಗೂ ಕೂಗು ಬಂದಾಗಲೆಲ್ಲ ಅತ್ತೆ ಹಾಗೇ ಹೋಗುತ್ತಿದ್ದಳು.

ಇವತ್ತು ಆ ಕೂಗು ಇನ್ನೊಮ್ಮೆ ಬಂತು. ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು, ಬಂಗಲೆಯ ಕಡೆ ತಿರುಗಿ, ಬಾಯ್ತುಂಬ "ಓ" ಎಂದೆ. ಹಿಂದೆಯೇ ಇನ್ನೊಂದು ಓ ಕೇಳಿಸಿತು.

ಅದು ನನ್ನ ಮಗಳದು.