ಮಂಜಿನೊಳಗಿನ ‘ಇಲ್ಲೇ’

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡು ನಾನು ಬಹಳ ಕಾಲ ನಕ್ಕಿದ್ದೇನೆ. ನಿದ್ದೆಗೆಟ್ಟ ಮನಸ್ಸು ಏನನ್ನಾದರೂ ಕೇಳಿಸಿಕೊಳ್ಳುತ್ತದೆ ಎಂಬುದು ನನ್ನ ವಾದವಾಗಿತ್ತು. ಇದು ರಾತ್ರಿಯ ಮಾತಲ್ಲ, ನಾನು ನಿದ್ದೆಗೆಟ್ಟೂ ಇರಲಿಲ್ಲ. ಓದುಗರು ನಂಬಬೇಕೆಂದು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ತೊಂಬತ್ತರ ದಶಕದ ನಡುಭಾಗ. ನಾನು ತಮಿಳುನಾಡಿನ ಸೇಲಂನಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮ ಮನೆ ಅದೇ ಜಿಲ್ಲೆಯ ಪಾಲಮಲೆ ಬೆಟ್ಟದ ಮೇಲೆ, ಅಲ್ಲಿ ಎಲ್ಲರ ಮನೆಮಾತು ಕನ್ನಡ. ತುಂಡು ಹೊಲದಲ್ಲಿ ರಾಗಿ, ಅವರೆ, ನಾಲ್ಕು ಆಡು. ಹಿಂದಿನ ವರ್ಷ ಅಪ್ಪನಿಗೆ ಹಾವು ಕಚ್ಚಿತ್ತು. ಬೆಟ್ಟಕ್ಕೆ ರಸ್ತೆ ಇರಲಿಲ್ಲ. ಕಂಬಳಿಯ ಜೋಲಿಯಲ್ಲಿ ಹೊತ್ತು ಇಳಿಸುವಾಗ ನಡುದಾರಿಯಲ್ಲೇ ಜೀವ ಹೋಯಿತು. ಆ ಸಾವಿಗೆ ಹೊಣೆ ಯಾರು ಎಂದು ಕಂಡಕಂಡ ಕಚೇರಿಗಳಿಗೆಲ್ಲ ಬರೆದೆ, ಯಾರೂ ಉತ್ತರಿಸಲಿಲ್ಲ. ಅವ್ವ ದೀಪ ಹಚ್ಚಿ ಕರೆದಿದ್ದ ದೇವರೂ ಉತ್ತರಿಸಿರಲಿಲ್ಲ. ಅವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿ ಕೈಮುಗಿಯುವುದನ್ನು ಬಿಟ್ಟೆ. ಹಾಸ್ಟೆಲಿನಲ್ಲಿ ಕನ್ನಡವನ್ನೂ ಬಿಟ್ಟಿದ್ದೆ. ಕೋಪ ಬಂದರೂ, ಕನಸು ಕಂಡರೂ ತಮಿಳೇ.

ಚಳಿಗಾಲದ ರಜೆಗೆ ಊರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ಅವ್ವನ ಜೊತೆ ಹೋಗಿದ್ದ ಆಡುಗಳು ಅವಳಿಲ್ಲದೆ ಮನೆಗೆ ಬಂದವು. ಸೋದರಮಾವ ಮತ್ತು ನಾನು ಹುಡುಕಲು ಹೊರಟೆವು. ಮೊಳದಾಚೆ ಏನೂ ಕಾಣದಂಥ ಮಂಜು. ಮಾವ ಮೇಲಿನ ದಾರಿ ಹಿಡಿದ, ನಾನು ಕೆಳಗಿನದು. ‘ಅವ್ವಾ’ ಎಂದು ಗಂಟಲು ಹರಿಯುವಂತೆ ಕೂಗಿದೆ. ಉತ್ತರವಿಲ್ಲ. ಕೊನೆಗೆ ಒಂದು ಬಂಡೆಯ ಮೇಲೆ ನಿಂತು, ಭಕ್ತಿಯಿಂದಲ್ಲ, ಸಿಟ್ಟಿನಿಂದ ಕಿರುಚಿದೆ: “ಕಡವುಳೇ, ನೀ ಇರುಕ್ಕಿಯಾ?” ದೇವರೇ, ನೀನಿದ್ದೀಯಾ?

ಮಂಜಿನೊಳಗಿಂದ, ಕೂಗಿನಂತಲ್ಲ, ಪಕ್ಕದಲ್ಲಿ ಕೂತು ಮಾತಾಡುವಷ್ಟು ಮೆಲ್ಲಗೆ ಒಂದು ಹೆಣ್ಣು ದನಿ ಹೇಳಿತು: “ಇಲ್ಲೇ.”

ತಮಿಳಿನಲ್ಲಿ ಕೇಳಿದವನಿಗೆ ತಮಿಳಿನದೇ ಅರ್ಥ ಹೊಳೆಯಿತು: ‘ಇಲ್ಲೆ’, ಇಲ್ಲ. ಸುತ್ತ ನೋಡಿದೆ, ಯಾರೂ ಇಲ್ಲ. ಒಂದು ಕಹಿ ಸಮಾಧಾನವಾಯಿತು. ಅಂತೂ ಒಂದು ಕಡೆಯಿಂದ ಉತ್ತರ ಬಂತಲ್ಲ! ಮೇಲೆ ಹತ್ತಿ, ದೇವರನ್ನು ಕೂಗಿದ್ದಕ್ಕೆ ಒಂದು ಹೆಣ್ಣು ದನಿ ಉತ್ತರಿಸಿತೆಂದು ಮಾವನಿಗೆ ಹೇಳಿದೆ.

“ಏನಂತು?”

“ಇಲ್ಲೆ ಅಂತು, ಮಾವ. ಇನ್ನೇನ್ ಐತೆ ಕೇಳಾಕೆ?”

ಮಾವ ನನ್ನನ್ನು ದಿಟ್ಟಿಸಿದ. “ಲೇ, ಕಾಲೇಜಿಗೋಗಿ ಕಿವೀನೂ ಮಾರ್ಕೊಂಡ್ ಬಂದ್ಯಾ? ಈ ಬೆಟ್ಟದಾಗೆ ಯಾವೋಳ್ಲಾ ತಮಿಳಾಗೆ ಮಾತಾಡೋಳು? ಇಲ್ಲೇ ಅಂದ್ರೆ ಇಲ್ಲೇ ಅವ್ಳೆ ಅಂತ ಕಣ್ಲಾ! ಎಲ್ಲಿ ಆ ಬಂಡೆ? ಓಡು!”

ಓಡಿದೆವು. ನಾನು ನಿಂತಿದ್ದ ಬಂಡೆಯ ಬುಡದಲ್ಲೇ, ಲಂಟಾನ ಪೊದೆ ಮುಚ್ಚಿದ ಸಂದಿನಲ್ಲಿ ಅವ್ವ ಬಿದ್ದಿದ್ದಳು. ನನ್ನ ಕಾಲಿನಿಂದ ಒಂದಾಳು ಆಳ, ಅಷ್ಟೆ. ತಲೆಗೆ ಪೆಟ್ಟು, ಪ್ರಜ್ಞೆ ಇರಲಿಲ್ಲ. ಚಳಿಗೆಂದು ಬಾಯಿ ಮುಚ್ಚುವಂತೆ ಸುತ್ತಿಕೊಂಡಿದ್ದ ಸೆರಗಿನ ಗಂಟು ಹಾಗೇ ಇತ್ತು.

ಮಾವನ ಕೂಗಿಗೆ ನೆರೆಯವರು ಬಂದರು. ಅದೇ ದಾರಿ, ಅದೇ ಕಂಬಳಿಯ ಜೋಲಿ. ಅಪ್ಪನ ಉಸಿರು ನಿಂತ ತಿರುವಿನಲ್ಲಿ ನನ್ನ ಕಾಲು ತಡೆಯಿತು. ಜೋಲಿಯೊಳಗೆ ಕೈಯಿಟ್ಟು ನೋಡಿದೆ. ಅವ್ವನ ಉಸಿರು ಬೆಚ್ಚಗೆ ತಾಗಿತು. ತಿರುವು ದಾಟಿದೆವು! ಆ ಕ್ಷಣದ ಹಿಗ್ಗಿಗೆ ಸಮನಾದದ್ದನ್ನು ನಾನು ಮತ್ತೆ ಕಂಡಿಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವ್ವ ಚೆನ್ನಾಗಿ ಮಾತಾಡಿದಳು. “ಅವತ್ತು ನೀನು ‘ಇಲ್ಲೇ’ ಅಂದ್ಯಾ?” ಎಂದು ಕೇಳಿದೆ.

“ನಾ ಬಿದ್ದಿದ್ದೇ ಗೊತ್ತಿಲ್ಲ ಮಗಾ. ಆಡಿನ್ ಹಿಂದೆ ಓಯ್ತಿದ್ದೆ, ಕಣ್ ಬಿಟ್ರೆ ಈ ಮಂಚ.” ಆಮೇಲೆ ನಕ್ಕಳು. “ಯಾರಂದ್ರೇನ್ಲಾ, ನಿಜ ತಾನೆ ಅಂದಿದ್ದು?”

ವೈದ್ಯರ ಪ್ರಕಾರ ಬಿದ್ದ ಗಳಿಗೆಯಿಂದ ಅವಳು ಬಾಯಿ ತೆರೆದಿರಲಾರಳು. ಪ್ರಜ್ಞೆಯಿಲ್ಲದವರೂ ಗೊಣಗುತ್ತಾರೆ, ಮಂಜಿನಲ್ಲಿ ದನಿ ದಾರಿ ತಪ್ಪುತ್ತದೆ ಎಂದು ಗೆಳೆಯರು ವಿವರಿಸಿದರು. ಇರಬಹುದು. ಆದರೆ ಆ ಬಂಡೆಯ ಮೇಲೆ ನಿಂತು ನಾನು ಕೇಳಿದ್ದು ಅವ್ವನನ್ನಲ್ಲ.

ರಸ್ತೆಗಾಗಿ ಅರ್ಜಿ ಬರೆಯುವುದನ್ನು ನಾನು ನಿಲ್ಲಿಸಿಲ್ಲ. ಅಪ್ಪ ಸತ್ತ ದಿನ ನೀನೆಲ್ಲಿದ್ದೆ ಎಂದು ದೇವರನ್ನು ಕೇಳುವುದನ್ನೂ ನಿಲ್ಲಿಸಿಲ್ಲ. ಅದಕ್ಕೆ ಉತ್ತರ ಬಂದಿಲ್ಲ. ಆದರೂ ಅವ್ವ ಹಚ್ಚಿದ ದೀಪದ ಮುಂದೆಯೇ ನಿಂತು ಕೇಳುತ್ತೇನೆ. ಈಗ ಕನ್ನಡದಲ್ಲಿ ಕೇಳುತ್ತೇನೆ.