ಇಪ್ಪತ್ತಾರು ಹೆಬ್ಬೆಟ್ಟು

ಗೋಲೆನೂರ್ ಕಾಗದವನ್ನು ನಂಬುತ್ತಿರಲಿಲ್ಲ. ಮನುಷ್ಯರನ್ನೂ ಅಷ್ಟಾಗಿ ನಂಬುತ್ತಿರಲಿಲ್ಲ, ಆದರೆ ಮನುಷ್ಯರ ಮುಖ ನೋಡಿ ಒಂದು ಅಂದಾಜಿಗೆ ಬರಬಹುದು, ಕಾಗದಕ್ಕೆ ಮುಖವಿಲ್ಲ. ಗಂಡ ಮೇಘನಾ ನದಿಯಲ್ಲಿ ದೋಣಿ ಮಗುಚಿ ಸತ್ತ ವರ್ಷ ಮೈದುನ ಒಂದು ಕಾಗದ ತಂದು, “ಪರಿಹಾರದ ಗೋಧಿ ಬರುತ್ತೆ ಭಾಬಿ, ಇಲ್ಲೊಂದು ಹೆಬ್ಬೆಟ್ಟು ಒತ್ತು” ಎಂದಿದ್ದ. ಒತ್ತಿದಳು. ಗೋಧಿ ಅರ್ಧ ಮೂಟೆ ಬಂತು, ನಡುಗಡ್ಡೆಯ ಎರಡು ಬಿಘಾ ಗದ್ದೆ ಹೋಯಿತು. ಅದೇ ವಾರ ಈಳಿಗೆಯಲ್ಲಿ ಹಿಲ್ಸಾ ಮೀನು ಕತ್ತರಿಸುವಾಗ ಅದೇ ಎಡಗೈ ಹೆಬ್ಬೆರಳು ಅಡ್ಡಕ್ಕೆ ಸೀಳಿತು. ನೆರೆಯವರು ಅಲ್ಲಾಹನ ಶಿಕ್ಷೆ ಎಂದರು. ಈಳಿಗೆ ಹರಿತವಾಗಿತ್ತು ಎಂದಳು ಗೋಲೆನೂರ್.

ನದಿ ದಂಡೆಯ ಆ ಆಸ್ಪತ್ರೆಗೆ ಅವಳು ಮೊದಲು ಬಂದದ್ದು ವಾಂತಿಭೇದಿ ಹತ್ತಿದ ಮಗಳನ್ನು ಹೊತ್ತುಕೊಂಡು. ಮಗಳು ಬದುಕಿದಳು. ಮರಳಿ ಹೋಗಲು ಗದ್ದೆ ಇರಲಿಲ್ಲವಾದ್ದರಿಂದ ತಾಯಿ ಅಲ್ಲಿಯೇ ಆಯಾ ಆಗಿ ನಿಂತಳು. ಈಗ ಹನ್ನೊಂದು ವರ್ಷ. ನಡುವೆ ತೂತಿರುವ ಮಂಚ, ತೂತಿನ ಕೆಳಗೆ ಬಕೆಟ್ಟು. ನಾಲ್ಕು ಗಂಟೆಗೊಮ್ಮೆ ಬಕೆಟ್ಟಿಗೆ ಗೀಟು ಹಾಕಿದ ಕೋಲು ಇಳಿಸಿ, ರೋಗಿಯ ಮೈಯಿಂದ ಎಷ್ಟು ನೀರು ಹೋಯಿತೆಂದು ಹೇಳುವುದು ಅವಳ ಕೆಲಸ. ಓದು ಬರಹ ಬಾರದಿದ್ದರೂ ಕೋಲಿನ ಗೀಟು ಅವಳಿಗೆ ತಪ್ಪಿದ್ದಿಲ್ಲ.

ಆ ವರ್ಷ ಆಸ್ಪತ್ರೆಯಲ್ಲಿ ಹೊಸದೊಂದು ಪರೀಕ್ಷೆ ಶುರುವಾಯಿತು. ಪೊಟ್ಟಣದ ಉಪ್ಪು-ಸಕ್ಕರೆ ನೀರು ಒಳ್ಳೆಯದೋ, ಉಪ್ಪು ಹಾಕಿದ ಅಕ್ಕಿಹಿಟ್ಟಿನ ಗಂಜಿ ಒಳ್ಳೆಯದೋ ಎಂದು ನೋಡಬೇಕಾಗಿತ್ತು. ಯಾವ ಮಗುವಿಗೆ ಯಾವುದು ಎಂಬುದನ್ನು ಮುಚ್ಚಿದ ಲಕೋಟೆ ಹೇಳುತ್ತಿತ್ತು. ಅದಕ್ಕೆ ಮೊದಲು ತಾಯಿಯ ಒಪ್ಪಿಗೆ ಬೇಕು, ಕಾಗದದ ಮೇಲೆ. ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಫಿರ್ದೌಸಿ ಗೋಲೆನೂರಳನ್ನು ಕರೆದು, “ನನ್ನ ಮಾತಿಗೆ ತಲೆ ಆಡಿಸ್ತಾರೆ, ನಿನ್ನ ಮಾತು ಕೇಳ್ತಾರೆ. ನೀನೇ ವಿವರಿಸು” ಎಂದರು. ಕಾಗದದಲ್ಲಿ ಐದು ಸಾಲು. ಗೋಲೆನೂರ್ ಒಂದೇ ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಿದಳು.

ಹೆಂಗಸರು ಅವಳ ಮಾತು ಕೇಳಿದ್ದು ನಿಜ. ನಂಬಿದರೆಂದಲ್ಲ.

“ಗಂಜಿ ಬಡವರಿಗೆ, ಪೊಟ್ಟಣ ಕಂತ್ರಾಟುದಾರರ ಮಕ್ಕಳಿಗೆ ಅಲ್ವಾ ಖಾಲಾ?”

“ಲಕೋಟೆ ಹೇಳಿದ ಹಾಗೆ. ಕಂತ್ರಾಟುದಾರನ ಮೊಮ್ಮಗನಿಗೆ ನಿನ್ನೆ ಗಂಜಿಯೇ ಬಂತು. ಅವನಜ್ಜಿ ಇಡೀ ವಾರ್ಡಿಗೆ ಕೇಳೋ ಹಾಗೆ ಬೈದಳು.”

“ರಕ್ತ ತೆಗೆದು ಹಡಗಿನಲ್ಲಿ ಕಳಿಸ್ತಾರಂತೆ?”

“ನಿನ್ನ ಮಗನ ಮೈಯಲ್ಲಿ ಹಡಗು ತುಂಬುವಷ್ಟು ಎಲ್ಲಿದೆ? ಕೊಡು ಇಲ್ಲಿ, ಕುಡಿಸ್ತೀನಿ.”

ಹೀಗೆ ಗಂಜಿಗೂ ಲಕೋಟೆಗೂ ಹೂಂ ಎನ್ನುವವರು ಶಾಯಿಯ ಪೆಟ್ಟಿಗೆ ತೆರೆದ ಕೂಡಲೇ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಕುಡಿಸಿ, ಎಷ್ಟು ಬೇಕಾದರೂ ಅಳೆಯಿರಿ, ಬೆಟ್ಟು ಮಾತ್ರ ಕೇಳಬೇಡಿ. ಗೋಲೆನೂರ್ ಅವರಿಗೆ ಏನು ಹೇಳಿಯಾಳು? ಅವಳೂ ಹಾಗೆಯೇ ಎಳೆದುಕೊಳ್ಳಬೇಕಿತ್ತು, ಹನ್ನೆರಡು ವರ್ಷದ ಹಿಂದೆ.

ಮೊದಲನೆಯ ತಾಯಿಯ ಮುಂದೆ ಅವಳು ಬಹಳ ಹೊತ್ತು ಕೂತಿದ್ದಳು. ಮಗುವಿನ ಕಣ್ಣು ಗುಳಿಬಿದ್ದಿತ್ತು. ಈ ಹೆಂಗಸು ಬೇಡವೆಂದರೆ ಮಂಚ ಹೋಗುತ್ತದೆ, ಮಗುವನ್ನು ಜಗಲಿಗೆ ತಳ್ಳುತ್ತಾರೆ ಎಂಬುದರಲ್ಲಿ ಗೋಲೆನೂರಳಿಗೆ ಅನುಮಾನವೇ ಇರಲಿಲ್ಲ. ಕಾಗದದ ನಾಲ್ಕನೆಯ ಸಾಲು ಬೇರೆಯೇ ಹೇಳುತ್ತಿತ್ತು: ನೀವು ಒಪ್ಪದಿದ್ದರೂ ಮಗುವಿನ ಆರೈಕೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಅದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಬೇಡವೆಂದವರಿಗೂ ಕೊಡುವ ಕಚೇರಿಯನ್ನು ಅವಳು ಕಂಡಿರಲಿಲ್ಲ; ಕಾಣದ್ದನ್ನು ಹೇಳಿ ಯಾರನ್ನೂ ಮೋಸ ಮಾಡುವ ಮನಸ್ಸಿರಲಿಲ್ಲ. ಅದಕ್ಕಾಗಿ ಶಾಯಿಯ ಪೆಟ್ಟಿಗೆಗೆ ತನ್ನದೇ ಹೆಬ್ಬೆರಳು ಅದ್ದಿ ಒತ್ತಿದಳು. ಹೋಗಬೇಕಾದ ಗದ್ದೆ ಹೋಗಿಯಾಗಿತ್ತು. ಈ ಬೆರಳಿನಿಂದ ಇನ್ನು ಯಾರೂ ಏನೂ ಕಿತ್ತುಕೊಳ್ಳುವಂತಿರಲಿಲ್ಲ.

“ನಿನ್ನ ಹೆಸರಲ್ಲಿ ನಾನು ಒತ್ತಿದೀನಿ. ಬಾಯಿ ಬಿಡಬೇಡ.”

ಹೀಗೆ ಎರಡು ತಿಂಗಳು. ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಕಾಗದ.

ಒಂದು ಬೆಳಿಗ್ಗೆ ಡಾಕ್ಟರ್ ಫಿರ್ದೌಸಿ ಕಡತ ಮಗುಚುತ್ತ ಕೇಳಿದರು: “ಒಬ್ಬಳೂ ಬೇಡ ಅನ್ನಲಿಲ್ವಾ?”

“ಇಲ್ಲ ಆಪಾ.”

“ಒಬ್ಬಳೂ?”

“ಮಗು ಮುಂದೆ ಮಲಗಿರುತ್ತೆ ಆಪಾ. ಬೇಡ ಅನ್ನೋರು ಯಾರು?”

ಡಾಕ್ಟರ್ ಕಡತ ಮುಚ್ಚಿದರು. “ಆರು ತಿಂಗಳು ಬೇರೆ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿದೀನಿ. ಹತ್ತರಲ್ಲಿ ಇಬ್ಬರಾದರೂ ಬೇಡ ಅಂತಿದ್ದರು. ಯಾರೂ ಬೇಡ ಅನ್ನದ ಕಡೆ ಏನೋ ನಡೀತಿದೆ ಅಂತಲೇ ಅರ್ಥ.”

ಗೋಲೆನೂರಳಿಗೆ ಇದು ವಿಚಿತ್ರವಾಗಿ ಕಂಡಿತು. ಕೆಲಸ ಕೆಟ್ಟರೆ ಬೈಯುವವರನ್ನು ಕಂಡಿದ್ದಳು; ಕೆಲಸ ಚೆನ್ನಾಗಿ ಆಯಿತೆಂದು ಅನುಮಾನಪಡುವವರನ್ನು ಕಂಡಿರಲಿಲ್ಲ.

ಕಡತ ದಾಖಲೆ ಕೋಣೆಯ ನಿಬಾರನ್ ಬಾಬುವಿನ ಮೇಜಿಗೆ ಹೋಯಿತು. ನಿಬಾರನ್ ಈ ಆಸ್ಪತ್ರೆಗೆ ಬರುವ ಮೊದಲು ಇಪ್ಪತ್ತು ವರ್ಷ ಜಮೀನು ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸತ್ತವರ ಹೆಬ್ಬೆಟ್ಟು, ಕುಡಿದು ಮಲಗಿದವರ ಹೆಬ್ಬೆಟ್ಟು, ಒಬ್ಬನೇ ಹತ್ತು ಜನರಾಗಿ ಒತ್ತಿದ ಹೆಬ್ಬೆಟ್ಟು ಎಲ್ಲವನ್ನೂ ಕಂಡವನು. ಮೇಜಿನ ಖಾನೆಯಲ್ಲಿ ಈಗಲೂ ಒಂದು ಭೂತಗನ್ನಡಿ ಇಟ್ಟುಕೊಂಡಿದ್ದ. ಗೋಲೆನೂರಳಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನು ತನ್ನ ಅಣ್ಣನ ಮಗಳನ್ನು ಇಲ್ಲಿ ಆಯಾ ಆಗಿ ಸೇರಿಸಲು ಹೊಂಚು ಹಾಕುತ್ತಿದ್ದಾನೆ ಎಂಬುದು ಅವಳ ಗುಮಾನಿ.

ಮಧ್ಯಾಹ್ನ ಅವನು ವಾರ್ಡಿಗೇ ಬಂದ.

“ಗೋಲೆನೂರ್, ಎಡಗೈ ತೋರಿಸು.”

“ಯಾಕೆ ದಾದಾ, ರೇಖೆ ನೋಡ್ತೀಯಾ?”

“ರೇಖೆ ಆಗಲೇ ನೋಡಿದೆ. ಇಪ್ಪತ್ತಾರು ಸಲ. ಎಲ್ಲ ತಾಯಂದಿರೂ ಈಳಿಗೆ ಮೇಲೆ ಒಂದೇ ಜಾಗದಲ್ಲಿ ಬೆರಳು ಕುಯ್ಕೊಂಡಿದಾರೆ. ಈ ದೇಶದ ಹೆಂಗಸರಿಗೆ ಮೀನು ಹೆಚ್ಚೋಕೆ ಬರಲ್ವೇನು?”

ಡಾಕ್ಟರರ ಕೋಣೆಯಲ್ಲಿ ಕಾಗದಗಳನ್ನು ಸಾಲಾಗಿ ಹರಡಿದ್ದರು. ಇಪ್ಪತ್ತಾರು ನೀಲಿ ಬೆರಳು, ಇಪ್ಪತ್ತಾರು ಅಡ್ಡಗೆರೆ. ಗೋಲೆನೂರ್ ಸುಳ್ಳಾಡಲಿಲ್ಲ. ಆಡುವಂತೆಯೂ ಇರಲಿಲ್ಲ.

“ಅವರು ಗಂಜಿಗೆ ಒಪ್ಪಿದ್ರು ಆಪಾ. ಬೆಟ್ಟಿಗೆ ಒಪ್ಪಲಿಲ್ಲ. ಬೆಟ್ಟಿಲ್ಲ ಅಂದ್ರೆ ನೀವು ಮಂಚ ಕಿತ್ಕೋತಿದ್ರಿ.”

“ನಾಲ್ಕನೇ ಸಾಲು ಹೇಳು.”

ಹೇಳಿದಳು, ಒಂದಕ್ಷರ ತಪ್ಪದೆ.

“ಇದನ್ನ ಅವರಿಗೆ ಯಾಕೆ ಹೇಳಲಿಲ್ಲ?”

“ನಿಜ ಅಲ್ವಲ್ಲ.”

ನಿಬಾರನ್ ಕೆಮ್ಮಿದ. ಡಾಕ್ಟರ್ ಸಿಟ್ಟಾದರೋ ಇಲ್ಲವೋ ತಿಳಿಯಲಿಲ್ಲ. ಅವರದು ಹಾಗೆ ತಿಳಿಯುವ ಮುಖವಲ್ಲ. “ಈ ಇಪ್ಪತ್ತಾರು ಮಕ್ಕಳ ಲೆಕ್ಕ ಈಗ ಉಪಯೋಗಕ್ಕೆ ಬರೋದಿಲ್ಲ” ಎಂದರು. “ಒಬ್ಬೊಬ್ಬರ ಮನೆಗೂ ಹೋಗಿ, ಐದು ಸಾಲೂ ಹೇಳಿ, ಕೇಳಬೇಕು. ಅಲ್ಲಿ ತನಕ ಹೊಸಬರನ್ನ ನೀನು ನನ್ನ ಎದುರಲ್ಲೇ ಕೇಳ್ತೀಯ. ನಿನ್ನ ಕೆಲಸ ಇರುತ್ತೋ ಹೋಗುತ್ತೋ, ಆಮೇಲೆ ನೋಡೋಣ.”

“ಮನೆಮನೆಗೆ ಹೋಗಿ ಆ ಸಾಲು ಹೇಳೋಕೆ ನನ್ನಿಂದ ಆಗಲ್ಲ. ನಾನು ಕಂಡಿಲ್ಲ.”

“ಹಾಗಾದ್ರೆ ಕಾಣು” ಎಂದರು ಡಾಕ್ಟರ್.

ಮರುದಿನ ಹೊಳೆಯಾಚೆಯಿಂದ ಜೈತೂನ್ ಎಂಬ ಹುಡುಗಿ ಹದಿನಾಲ್ಕು ತಿಂಗಳ ಮಗನನ್ನು ತಂದಳು. ಜೊತೆಗೆ ಅತ್ತೆ, ಬಾಯಿ ತುಂಬ ಎಲೆಅಡಿಕೆ. ಮಗುವಿಗೆ ಒಂಬತ್ತನೆಯ ಮಂಚ. ಗೋಲೆನೂರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸಾಲುಗಳನ್ನು ಹೇಳಿದಳು. ಡಾಕ್ಟರ್ ಬಾಗಿಲಲ್ಲಿ ನಿಂತಿದ್ದರು. ನಾಲ್ಕನೆಯ ಸಾಲನ್ನೂ ಹೇಳಿದಳು.

ಅತ್ತೆ ಅಗಿಯುವುದನ್ನು ನಿಲ್ಲಿಸಿದಳು. “ಬೇಡ ಅಂದ್ರೂ ನೋಡ್ಕೋತಾರಾ?”

“ಕಾಗದ ಹಾಗನ್ನುತ್ತೆ.”

“ನೀನು ಏನನ್ನುತ್ತೀಯ ಬುಬು?”

ಗೋಲೆನೂರ್ ಬಾಗಿಲ ಕಡೆ ನೋಡಲಿಲ್ಲ. “ನಾನು ಇನ್ನೂ ನೋಡಿಲ್ಲ.”

“ಕೇಳಿದ್ಯಾ ಬೌಮಾ?” ಅತ್ತೆ ಸೊಸೆಯ ಕಡೆ ತಿರುಗಿದಳು. “ಇಲ್ಲಿಯ ಉಪ್ಪು ತಿಂದವಳೇ ನೋಡಿಲ್ಲವಂತೆ. ಬೇಡ ಅನ್ನು.”

“ಬೇಡ” ಎಂದಳು ಜೈತೂನ್.

ಡಾಕ್ಟರ್ ತಲೆಯಾಡಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಗೋಲೆನೂರ್ ಒಂಬತ್ತನೆಯ ಮಂಚ ಕಾಯತೊಡಗಿದಳು. ಮಗುವಿಗೆ ಪೊಟ್ಟಣದ ನೀರು ಬಂತು. ಬಟ್ಟಲು ತುಂಬಿದೆಯೇ ಎಂದು ಬಗ್ಗಿ ನೋಡಿದಳು. ತುಂಬಿತ್ತು. ನಾಲಗೆಗೆ ಹಚ್ಚಿ ನೋಡಿದಳು, ನೀರು ಹೆಚ್ಚು ಬೆರೆಸಿದ್ದಾರೋ ಎಂದು. ಇಲ್ಲ. ಸಂಜೆಗೆ ಮಗು ವಾಂತಿ ಮಾಡಿ ಕೈಕಾಲು ತಣ್ಣಗಾದಾಗ, ಸರಿ, ಈಗ ಬಯಲಾಗುತ್ತದೆ ಎಂದುಕೊಂಡಳು. ಡಾಕ್ಟರ್ ಓಡಿಬಂದು ತಾವೇ ರಕ್ತನಾಳ ಹುಡುಕಿ ಸೂಜಿ ಹಾಕಿದರು. ಎರಡು ಬಾಟಲಿ ಹೋಯಿತು. ಮಂಚವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಎರಡನೆಯ ದಿನ ಮಗು ಉಚ್ಚೆ ಹೊಯ್ದಿತು. ಮೂರನೆಯ ದಿನ ಕಾಯಿಬಾಳೆ ಹಾಕಿದ ಖಿಚಡಿಗೆ ಕೈಚಾಚಿ ಅತ್ತಿತು. ಅತ್ತೆ ಅದನ್ನು ಸೊಂಟಕ್ಕೇರಿಸಿಕೊಂಡು ಹೊರಡುವಾಗ, “ನಾವು ಬೇಡ ಅಂದಿದ್ದು ಮರೆತಿರಬೇಕು ಇವರು” ಎಂದಳು.

ಗೋಲೆನೂರಳಿಗೂ ಅದೇ ಸಂಶಯ. ಒಂದು ಸಲ ಆದದ್ದಕ್ಕೆ ಬೆಲೆಯಿಲ್ಲ. ಮೈದುನನೂ ಗೋಧಿಯನ್ನು ಒಂದು ಸಲ ಕೊಟ್ಟೇ ಕೊಟ್ಟಿದ್ದ. ಆದರೂ ಲೆಕ್ಕಕ್ಕಿರಲೆಂದು ಸೆರಗಿನ ತುದಿಗೆ ಒಂದು ಗಂಟು ಹಾಕಿದಳು.

ಆಮೇಲೆ ಬೇಡವೆನ್ನುವವರು ಬರತೊಡಗಿದರು. ಸಾಲು ಪೂರ್ತಿ ಕೇಳಿದರೆ ಬರುವವರೇ. ಬೇಡವೆಂದವರ ಒಂದೊಂದು ಮಗುವನ್ನೂ ಗೋಲೆನೂರ್ ಒಪ್ಪಿದವರ ಮಗುವಿನ ಜೊತೆ ಹೋಲಿಸಿ ನೋಡಿದಳು. ಡಾಕ್ಟರ್ ಯಾರ ಬಳಿ ಎಷ್ಟು ಹೊತ್ತು ನಿಂತರು, ಬಕೆಟ್ಟು ಎಷ್ಟು ಸಲ ಬದಲಾಯಿತು, ಹೊದಿಕೆ ಯಾರದು ಹರಿದದ್ದು. ಒಮ್ಮೆ ಮಾತ್ರ ಬೇಡವೆಂದವಳ ಮಗುವನ್ನು ಜಗಲಿಗೆ ಹಾಕಿದರು. ಗೋಲೆನೂರ್ ನೇರವಾಗಿ ಡಾಕ್ಟರರ ಕೋಣೆಗೆ ನಡೆದಳು.

“ಇದೇನು ಆಪಾ?”

“ಏನು?”

“ಹೊರಗೆ ಹಾಕಿದೀರಿ.”

“ಮೂವರನ್ನ ಹಾಕಿದೀನಿ. ಸೂರು ಸೋರ್ತಿದೆ. ಉಳಿದಿಬ್ಬರು ಒಪ್ಪಿದವರ ಮಕ್ಕಳು. ಹೋಗಿ ನೋಡ್ಕೋ.”

ಹೋಗಿ ನೋಡಿದಳು. ಸೂರು ಸೋರುತ್ತಿತ್ತು. ಇಬ್ಬರು ಒಪ್ಪಿದವರದೇ. ತಾಯಂದಿರನ್ನು ಬೇರೆ ಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡು ಬಂದು ಆ ಗಂಟನ್ನೂ ಹಾಕಿದಳು. ಹಿಂದಿನಿಂದ ನಿಬಾರನ್, “ಪರೀಕ್ಷೆ ಮಾಡೋದು ಡಾಕ್ಟರೋ ನೀನೋ?” ಎಂದ.

ಸೆರಗಿನಲ್ಲಿ ಏಳು ಗಂಟು ಬಿದ್ದ ಮೇಲೆ ಡಾಕ್ಟರರ ಬಳಿ ಹೋಗಿ, “ದೋಣಿಗೆ ಹೇಳಿ, ಹೋಗ್ತೀನಿ” ಎಂದಳು.

ಇಪ್ಪತ್ತಾರು ಮನೆ ಮುಗಿಯಲು ಹದಿನೆಂಟು ದಿನ ಹಿಡಿಯಿತು. ಎಲ್ಲ ಕಡೆಯೂ ಅದೇ ಪ್ರಶ್ನೆ: ಈಗ ಯಾಕೆ ಬಂದೆ? ಮಗು ಹುಷಾರಾಗಿದೆಯಲ್ಲ, ಇನ್ನೇನು ಬೇಕು ನಿಮಗೆ? ಒಬ್ಬಳು ನಾಯಿ ಛೂ ಬಿಟ್ಟಳು. ಇನ್ನೊಬ್ಬಳು, “ಆವತ್ತು ನೀನೇ ಒತ್ತಿದ್ಯಲ್ಲ ಖಾಲಾ, ಇವತ್ತೂ ಒತ್ಕೋ, ನನಗೆ ಭತ್ತ ಬೇಯಿಸೋದಿದೆ” ಎಂದಳು.

“ಆವತ್ತು ಒತ್ತಿದ್ದು ತಪ್ಪು. ನಿನ್ನ ಮಗುವಿನ ಲೆಕ್ಕ ಇಟ್ಕೋಬೇಕೋ ಹರಿದು ಹಾಕಬೇಕೋ, ನೀನು ಹೇಳಬೇಕು.”

“ಹರಿದು ಹಾಕು ಅಂದ್ರೆ? ಮುಂದಿನ ಸಲ ಕಾಯಿಲೆ ಆದಾಗ ಬಾಗಿಲು ಹಾಕ್ತಾರಾ?”

“ಇಲ್ಲ.”

“ನಿನಗೆ ಹೇಗೆ ಗೊತ್ತು?”

ಗೋಲೆನೂರ್ ಸೆರಗಿನ ತುದಿ ಮುಂದೆ ಹಿಡಿದು, ಏಳು ಗಂಟನ್ನೂ ಒಂದೊಂದಾಗಿ ತೋರಿಸಿ, ಯಾವ ಮಂಚ, ಯಾರ ಮಗು, ಏನಾಯಿತು ಎಂದು ಹೇಳಿದಳು. ಜಗಲಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಆ ಹೆಂಗಸು ಕೊನೆಯ ತನಕ ಕೇಳಿ, ಸೌಟನ್ನು ಕೆಳಗಿಟ್ಟು, “ಹಾಗಾದ್ರೆ ಹರಿದು ಹಾಕು” ಎಂದಳು.

ಗೋಲೆನೂರ್ ಹೂಂ ಎಂದು ಕಾಗದ ಮಡಚಿದಳು. ಅವಳು ದೋಣಿಯ ತನಕ ನಡೆದಾಗ ಆ ಹೆಂಗಸು ಹಿಂದೆಯೇ ಬಂದಳು. “ಬೈಯಲೇ ಇಲ್ವಲ್ಲ ನೀನು” ಎಂದಳು, ಇನ್ನೂ ಸಂಶಯದಲ್ಲಿ. ಬೆರಳು ಮಾತ್ರ ಮುಂದೆ ಚಾಚಲಿಲ್ಲ. ದೋಣಿ ಹೊರಟಿತು.

ಹದಿನಾರು ಹೆಬ್ಬೆಟ್ಟು ಸಿಕ್ಕಿದವು. ಏಳು ಮಂದಿ ಬೇಡವೆಂದರು. ಮೂವರ ಮನೆಯನ್ನು ಹೊಳೆ ಕೊಂಡೊಯ್ದಿತ್ತು, ಎಲ್ಲಿ ಹೋದರೆಂದು ತಿಳಿಯಲಿಲ್ಲ. ಡಾಕ್ಟರ್ ಫಿರ್ದೌಸಿ ಎಣಿಸಿ, ಏಳು ಎಂಬ ಸಂಖ್ಯೆಯ ಕೆಳಗೆ ಗೆರೆ ಎಳೆದು, “ನಾಳೆ ಬೆಳಿಗ್ಗೆ ಆರಕ್ಕೆ ನಿನ್ನ ಪಾಳಿ” ಎಂದರು. ಕೆಲಸದ ಬಗ್ಗೆ ಅಷ್ಟೇ ಮಾತು.

ಕಾಗದಗಳು ಮತ್ತೆ ನಿಬಾರನ್ ಮೇಜಿಗೆ ಹೋದವು. ಅವನು ಭೂತಗನ್ನಡಿ ಒರೆಸಿಕೊಂಡು, “ಮೊದಲು ಕೈ” ಎಂದ.

ಗೋಲೆನೂರ್ ಎರಡೂ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಶಾಯಿ ಇರಲಿಲ್ಲ. ಅವನು ಮೊದಲ ಕಾಗದ ನೋಡಿ, ಎರಡನೆಯದನ್ನು ನೋಡಿ, ಮೂರನೆಯದಕ್ಕೆ ಕಟ್ಟು ಮುಚ್ಚಹೊರಟ.

“ಪೂರ್ತಿ ನೋಡು ದಾದಾ” ಎಂದಳು ಅವಳು, ಸ್ಟೂಲು ಎಳೆದು ಕೂರುತ್ತ. “ಹದಿನಾರೂ ನೋಡು. ನಾನಾಗಿದ್ರೆ ಬಿಡ್ತಿರಲಿಲ್ಲ.”